ಯೂರೋಪ್ ರೆಸಿಡೆನ್ಸಿ ಮಾಡಿಸಿಕೊಡುವ ಆಫೀಸು: ಐದಕ್ಕೆ ಎರಡು ಸ್ಟಾರ್

ಎರಡು ಸ್ಟಾರ್‌ಗಳಲ್ಲಿ ಒಂದು ಅಲ್ಲಿನ ಏಸಿಗೆ. ಜೂನ್ ತಿಂಗಳು, ಬಳ್ಳಾರಿಯ ಮಧ್ಯಾಹ್ನ, ಎರಡು ಮಹಡಿ ಮೆಟ್ಟಿಲು ಹತ್ತಿ ಹೋದವನಿಗೆ ಅದು ಸಣ್ಣ ಉಪಕಾರ ಅಲ್ಲ. ಇನ್ನೊಂದು ಸ್ಟಾರ್ ನಮ್ಮ ಫೈಲ್ ಜೋಡಿಸಿಕೊಟ್ಟ ಹುಡುಗಿಗೆ. ಉಳಿದ ಮೂರನ್ನು ಯಾಕೆ ಕೊಡಲಿಲ್ಲ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಆಫೀಸಿನ ಹೆಸರು ಬರೆಯುವುದಿಲ್ಲ. ಬರೆದ ಮರುದಿನವೇ ಬೋರ್ಡ್ ಬದಲಾಯಿಸಿ ಪಕ್ಕದ ಬೀದಿಗೆ ಹೋದರೆ ಏನು ಮಾಡುತ್ತೀರಿ? ಇದೇ ಥರದ ಬೋರ್ಡುಗಳನ್ನು ರಾಯಚೂರಿನಲ್ಲೂ ನೋಡಿದ್ದೇನೆ, ಕೊಪ್ಪಳದಲ್ಲೂ ನೋಡಿದ್ದೇನೆ. ಒಂದು ವಿಮಾನ, ಒಂದು ಐಫೆಲ್ ಟವರ್, ನೀಲಿ ಬಾವುಟದ ಮೇಲೆ ಹನ್ನೆರಡು ನಕ್ಷತ್ರ. ಹೆಸರಿಗಿಂತ ಮಾಲು ಏನು ಅಂತ ತಿಳಿದರೆ ಜಾಸ್ತಿ ಉಪಯೋಗ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಮ್ಮದು. ಹದಿನಾಲ್ಕು ಮಿಷನ್. ಬೇರೆಯವರು ಕೊಟ್ಟ ಲೇಬಲ್ ಹಚ್ಚಿ ಬೇರೆ ಊರಿಗೆ ಕಳಿಸುವ ಕಸುಬು. ಮೂವತ್ತು ವರ್ಷದಿಂದ ಇದೇ ಮಾಡಿ ಒಂದು ಚಾಳಿ ಬಂದುಬಿಟ್ಟಿದೆ. ಯಾರಾದರೂ ಪ್ಯಾಂಟ್ ಕೈಗೆ ಕೊಟ್ಟರೆ ಮೊದಲು ಉಲ್ಟಾ ಮಾಡಿ ಒಳಗಿನ ಹೊಲಿಗೆ ನೋಡುತ್ತೇನೆ. ಲೇಬಲ್ ನೋಡುವುದು ಕೊನೆಗೆ.

ಯೂರೋಪಿಗೆ ಹೊರಟವನು ನಾನಲ್ಲ, ನನ್ನ ತಂಗಿಯ ಮಗ. ವಯಸ್ಸು 27. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ತೋರಣಗಲ್ಲಿನ ಕಡೆ ಒಬ್ಬ ಕಂಟ್ರಾಕ್ಟರ್ ಹತ್ತಿರ ನಾಲ್ಕು ವರ್ಷದಿಂದ ಮೇಂಟೆನೆನ್ಸ್ ಕೆಲಸ ಮಾಡುತ್ತಿದ್ದಾನೆ. ನೈಟ್ ಶಿಫ್ಟ್ ಮುಗಿಸಿ ಬಂದರೆ ಕಿವಿಯೊಳಗೂ ಕೆಂಪು ಧೂಳು. ಒಂದು ದಿನ ಮೊಬೈಲ್ ಹಿಡಿದುಕೊಂಡು ಬಂದ. "ಮಾಮಾ, ಯೂರೋಪ್ ರೆಸಿಡೆನ್ಸಿ ಕೊಡಿಸ್ತಾರಂತೆ, ನಮ್ಮೂರಾಗೇ ಆಫೀಸ್ ಐತೆ" ಅಂದ. ಅವನ ಅಪ್ಪ ಇಲ್ಲ. ಹಾಗಾಗಿ ಇಂಥ ಕೆಲಸಕ್ಕೆಲ್ಲ ಜೊತೆಗೆ ಹೋಗುವವನು ನಾನೇ.

ಒಳಗೆ ಹೋದ ಕೂಡಲೇ ಕೈಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಕೊಟ್ಟರು. ಟಿಫನ್ ಹೋಟೆಲಿನ ರೇಟ್ ಬೋರ್ಡ್ ಇದ್ದ ಹಾಗೆ. ಎಡಗಡೆ ದೇಶ, ಮಧ್ಯೆ ಎಷ್ಟು ದಿನ, ಬಲಗಡೆ ರೂಪಾಯಿ. ಪೋರ್ಚುಗಲ್ ಆರೂವರೆ ಲಕ್ಷ. ಪೋಲೆಂಡ್ ನಾಲ್ಕು ಲಕ್ಷ. ಎಸ್ಟೋನಿಯಾ 85 ಸಾವಿರ, 45 ದಿನ. ಜರ್ಮನಿ ಎರಡೂಕಾಲು ಲಕ್ಷ. ಸ್ವಿಟ್ಜರ್ಲೆಂಡ್ ಎದುರು "ಆಫೀಸಿನಲ್ಲಿ ವಿಚಾರಿಸಿ" ಅಂತ ಇತ್ತು. ಆಫೀಸಿನ ಒಳಗೇ ಕೂತಿದ್ದೆವಲ್ಲ, ವಿಚಾರಿಸಿದೆ. "ಅದು ಸ್ವಲ್ಪ ಕಾಸ್ಟ್ಲಿ ಸಾರ್" ಅಂದಳು ಹುಡುಗಿ. ಕೆಳಗೆ ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಒಂದು ಕಾರ್ಡ್, 27 ದೇಶ, ಎಲ್ಲಿ ಬೇಕಾದರೂ ಇರಿ.

ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಮ್ಮ ಹುಡುಗ ನನ್ನ ಮುಖ ನೋಡಿದ. ಆವತ್ತೇ 35 ಸಾವಿರ ಕಟ್ಟಿ ಬಂದೆವು. ಉಲ್ಟಾ ಮಾಡಿ ನೋಡುವ ಚಾಳಿ ಆವತ್ತು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಏಸಿಯದೇ ಪ್ರಭಾವ ಇರಬೇಕು.

ಮನೆಗೆ ಬಂದ ಮೇಲೆ ಓದಲು ಶುರು ಮಾಡಿದೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನ ಮಗಳು ಓದಿ ಹೇಳುತ್ತಿದ್ದಳು. ಆ ದೇಶಗಳ ಸರ್ಕಾರಿ ಪುಟಗಳನ್ನೇ ಓದಿಸಿದೆ, ಯೂಟ್ಯೂಬ್ ಬೇಡ ಅಂದೆ. ನಾಲ್ಕೈದು ರಾತ್ರಿ ಆದ ಮೇಲೆ ವಿಷಯ ತಲೆಗೆ ಹತ್ತಿತು. ಆ ಹಾಳೆಯಲ್ಲಿ ರೆಸಿಡೆನ್ಸಿ ಅನ್ನುವ ಒಂದೇ ಲೇಬಲನ್ನು ನಾಲ್ಕೈದು ಬೇರೆ ಬೇರೆ ಮಾಲಿಗೆ ಹಚ್ಚಿದ್ದರು.

ನಮ್ಮ ಕಡೆ ಮನೆ ಲೆಕ್ಕದಲ್ಲೇ ಹೇಳುತ್ತೇನೆ. ವಿಸಿಟ್ ವೀಸಾ ಅಂದರೆ ನೆಂಟರ ಮನೆ. ಷೆಂಗೆನ್ ಅಂತ 29 ದೇಶಗಳ ಒಂದು ಗುಂಪಿದೆ. ಅಲ್ಲಿ ಯಾವ ಆರು ತಿಂಗಳು ಹಿಡಿದರೂ, ಅಂದರೆ 180 ದಿನದಲ್ಲಿ, ನೆಂಟರಾಗಿ ಇರಬಹುದಾದದ್ದು 90 ದಿನ. ರೆಸಿಡೆನ್ಸ್ ಪರ್ಮಿಟ್ ಅಂದರೆ ಬಾಡಿಗೆ ಮನೆ. ಅಗ್ರಿಮೆಂಟ್ ಇರುತ್ತದೆ, ಕೆಲಸವೋ ಓದೋ ಒಂದು ಕಾರಣ ಇರುತ್ತದೆ, ಕಾರಣ ಮುಗಿದರೆ ಮನೆ ಖಾಲಿ. ಪರ್ಮನೆಂಟ್ ರೆಸಿಡೆನ್ಸಿ ಅಂದರೆ ಭೋಗ್ಯ ಇದ್ದ ಹಾಗೆ, ಸುಲಭಕ್ಕೆ ಎಬ್ಬಿಸುವುದಿಲ್ಲ. ಸಿಟಿಜನ್‌ಶಿಪ್ ಅಂದರೆ ನಿಮ್ಮ ಹೆಸರಿಗೆ ಖಾತಾ. ಈ ಆಫೀಸಿನವರು ನೆಂಟರ ಮನೆ ಬಾಗಿಲು ತೋರಿಸಿ ಖಾತಾ ಮಾಡಿಸಿಕೊಡುವ ರೇಟ್ ಹೇಳುತ್ತಿದ್ದರು.

ಇನ್ನು ಒಂದು ಕಾರ್ಡ್, 27 ದೇಶ. ಆ 27 ಅಂದರೆ ಯೂರೋಪಿಯನ್ ಯೂನಿಯನ್ ಅನ್ನುವ ಒಕ್ಕೂಟದ ದೇಶಗಳು, ಷೆಂಗೆನ್ ಬೇರೆ ಗುಂಪು. ಒಂದು ದೇಶದ ಪರ್ಮಿಟ್ ಇದ್ದರೆ ಷೆಂಗೆನ್‌ನ ಉಳಿದ ದೇಶಗಳಿಗೆ ತಿರುಗಾಡಲು ಹೋಗಬಹುದು, ಅದೂ ಅದೇ 90 ದಿನದ ಲೆಕ್ಕದಲ್ಲಿ. ಪೋರ್ಚುಗಲ್ ಕಾರ್ಡ್ ಇಟ್ಟುಕೊಂಡು ಜರ್ಮನಿಯಲ್ಲಿ ಹೋಗಿ ಕೆಲಸ ಮಾಡುವ ಹಾಗಿಲ್ಲ. ಐರ್ಲೆಂಡ್ ಯೂರೋಪಿಯನ್ ಯೂನಿಯನ್ ಒಳಗಿದೆ, ಆದರೆ ಷೆಂಗೆನ್ ಒಳಗಿಲ್ಲ. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದೆ, ಯೂನಿಯನ್‌ನಲ್ಲಿಲ್ಲ. ಇಷ್ಟು ಗೊತ್ತಿಲ್ಲದೆ ಆ ಸಾಲು ಬರೆದಿರಲಿಕ್ಕಿಲ್ಲ ಅಂತ ನನ್ನ ಅನುಮಾನ.

ಎಸ್ಟೋನಿಯಾದ ಕಥೆ ಕೇಳಿದರೆ ನಗು ಬರುತ್ತದೆ, 85 ಸಾವಿರ ಅಂತ ನೆನಪಾದರೆ ಬರಲ್ಲ. ಆ ದೇಶ 2014ರ ಡಿಸೆಂಬರ್‌ನಲ್ಲಿ ಇ-ರೆಸಿಡೆನ್ಸಿ ಅಂತ ಒಂದು ಯೋಜನೆ ಶುರು ಮಾಡಿತು. ಪ್ರಪಂಚದ ಹೆಚ್ಚಿನ ದೇಶಗಳವರು ಅರ್ಜಿ ಹಾಕಬಹುದು. ಒಂದು ಚಿಪ್ ಇರುವ ಕಾರ್ಡ್ ಕೊಡುತ್ತಾರೆ. ಅದರಿಂದ ಆನ್‌ಲೈನ್‌ನಲ್ಲೇ ಅಲ್ಲೊಂದು ಕಂಪನಿ ತೆರೆಯಬಹುದು, ಕಂಪ್ಯೂಟರಿನಲ್ಲೇ ಸಹಿ ಹಾಕಬಹುದು. ಒಳ್ಳೆಯ ಯೋಜನೆಯೇ, ಆನ್‌ಲೈನ್ ವ್ಯಾಪಾರ ಮಾಡುವವರಿಗೆ. ಆದರೆ ಆ ಕಾರ್ಡ್ ಹಿಡಿದು ಎಸ್ಟೋನಿಯಾದ ಏರ್‌ಪೋರ್ಟಿನ ಹೊರಗೆ ಕಾಲಿಡಲೂ ಆಗುವುದಿಲ್ಲ. ವೀಸಾ ಬೇರೆ ಬೇಕು. ಅಲ್ಲಿ ವಾಸ ಮಾಡುವ ಹಕ್ಕು ಇಲ್ಲ ಅಂತ ಅವರ ಸರ್ಕಾರವೇ ಸ್ಪಷ್ಟವಾಗಿ ಬರೆದಿದೆ. ನೀವೇ ಮನೆಯಲ್ಲಿ ಕೂತು ಅರ್ಜಿ ಹಾಕಿ, ದೆಹಲಿಯ ಎಸ್ಟೋನಿಯಾ ರಾಯಭಾರ ಕಚೇರಿಯಲ್ಲಿ ಕಾರ್ಡ್ ಇಸಿದುಕೊಂಡು ಬರಬಹುದು. ಸರ್ಕಾರಿ ಫೀಜು 20 ಸಾವಿರದ ಒಳಗೇ ಮುಗಿಯುತ್ತದೆ.

ಎರಡನೇ ಸಲ ಹೋದಾಗ ಇದನ್ನು ಕೇಳಿದೆ. ಹುಡುಗಿ ಒಳಗೆ ಹೋಗಿ ಓನರ್‌ನ ಕರೆದುಕೊಂಡು ಬಂದಳು. ಅವರು ಕೂತುಕೊಂಡು ನಿಧಾನವಾಗಿ ಹೇಳಿದರು, "ಸಾರ್, ಮುಂದೆ 'ಇ' ಅಂತ ಇದ್ದರೇನಂತೆ? ರೆಸಿಡೆನ್ಸಿ ಅಂತ ಐತಲ್ಲ." ನಾನು ಸುಮ್ನೆ ಇದ್ದೆ. ಏನು ಹೇಳೋದು ಇದಕ್ಕೆ?

ಪೋರ್ಚುಗಲ್ ವಿಷಯ ಇಷ್ಟು ತಮಾಷೆಯದಲ್ಲ. ಆರೂವರೆ ಲಕ್ಷದ ಪ್ಲಾನ್ ಹೀಗಿತ್ತು: ಹುಡುಗ ವಿಸಿಟ್ ವೀಸಾದಲ್ಲಿ ಹೋಗುವುದು, ಅಲ್ಲೇ ಏನಾದರೂ ಕೆಲಸ ಹಿಡಿಯುವುದು, ಕೆಲಸದ ಕಾಗದ ತೋರಿಸಿ ಅಲ್ಲಿಂದಲೇ ಪರ್ಮಿಟ್‌ಗೆ ಅರ್ಜಿ ಹಾಕುವುದು. ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಆ ದಾರಿ ನಿಜವಾಗಿಯೂ ಇತ್ತು. ನಮ್ಮ ದೇಶದ ಎಷ್ಟೋ ಜನ, ಪಂಜಾಬಿನವರು, ಗುಜರಾತಿನವರು, ಹಾಗೇ ಕಾರ್ಡ್ ಪಡೆದರು. 2024ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಆ ಬಾಗಿಲು ಮುಚ್ಚಿತು. ನಾವು ಈ ಆಫೀಸಿಗೆ ಹೋದದ್ದು 2025ರ ಜೂನ್‌ನಲ್ಲಿ. ಬಾಗಿಲು ಮುಚ್ಚಿ ಒಂದು ವರ್ಷ ಆಗಿತ್ತು, ಇಲ್ಲಿ ಇನ್ನೂ ಟಿಕೆಟ್ ಮಾರುತ್ತಿದ್ದರು.

ನಮ್ಮ ಹುಡುಗನ ಡಿಪ್ಲೊಮಾ ಗೆಳೆಯನೊಬ್ಬ ಲಿಸ್ಬನ್‌ನಲ್ಲಿ ಇದ್ದಾನೆ. ಊಟದ ಡೆಲಿವರಿ ಕೆಲಸ. ಬಾಗಿಲು ಮುಚ್ಚುವ ಮೊದಲೇ ಅರ್ಜಿ ಹಾಕಿದ್ದ. ವಾಟ್ಸಾಪ್‌ನಲ್ಲಿ ಮಾತಾಡಿಸಿದೆ. "ಅಂಕಲ್, ಇನ್ನೂ ಕರೆದಿಲ್ಲ, ಕಾಯ್ತಾ ಇದೀನಿ" ಅಂದ. ಅಲ್ಲಿ 2023ರ ಅಕ್ಟೋಬರ್‌ನಲ್ಲಿ ಹಳೆಯ ವಲಸೆ ಇಲಾಖೆ ಮುಚ್ಚಿ ಐಮಾ ಅಂತ ಹೊಸ ಕಚೇರಿ ಮಾಡಿದರು. ಹೊಸ ಕಚೇರಿಯ ತಲೆಗೆ ಹಳೆಯ ನಾಲ್ಕು ಲಕ್ಷದಷ್ಟು ಬಾಕಿ ಅರ್ಜಿ ಬಂದು ಬಿದ್ದವು. ಮನೆಯಲ್ಲಿ ತಾತ ತೀರಿಕೊಂಡಾಗಲೂ ಊರಿಗೆ ಬರಲಿಲ್ಲ ಆ ಹುಡುಗ. ಕಾರ್ಡ್ ಇಲ್ಲದೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗೋದು ಹೇಗೆ ಅನ್ನುವ ಹೆದರಿಕೆ. ಇದನ್ನು ರೇಟ್ ಹಾಳೆಯಲ್ಲಿ ಯಾವ ಕಾಲಂನಲ್ಲಿ ಬರೆಯುತ್ತಾರೆ?

ಹಾಗಂತ ಪೋರ್ಚುಗಲ್ ಬಾಗಿಲು ಎಲ್ಲರಿಗೂ ಮುಚ್ಚಿಲ್ಲ. ಪಿಂಚಣಿ, ಬಾಡಿಗೆ ಥರ ಕೂತಲ್ಲೇ ಬರುವ ಆದಾಯ ಇದ್ದವರಿಗೆ ಡಿ7 ಅಂತ ಒಂದು ವೀಸಾ ಇದೆ. ಅಲ್ಲಿನ ಕನಿಷ್ಠ ಸಂಬಳದಷ್ಟು, ಅಂದರೆ 2025ರಲ್ಲಿ ತಿಂಗಳಿಗೆ 870 ಯೂರೋ, ಬಂದರೆ ಒಬ್ಬರಿಗೆ ಸಾಕು. ಕಂಪ್ಯೂಟರ್ ಕೆಲಸ ದೂರದಿಂದಲೇ ಮಾಡುವವರಿಗೆ 2022ರಿಂದ ಡಿ8 ಇದೆ, ಅದಕ್ಕೆ ಅದರ ನಾಲ್ಕು ಪಟ್ಟು ಆದಾಯ ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ಇದು ಸುಲಭ. ಬೇರಿಂಗ್ ಬದಲಾಯಿಸುವ ನಮ್ಮ ಹುಡುಗ ದೂರದಿಂದ ಬೇರಿಂಗ್ ಬದಲಾಯಿಸಲು ಆಗುತ್ತಾ? ಯಾವ ದೇಶ ಸುಲಭ ಅಂತ ಕೇಳುವುದೇ ತಪ್ಪು ಅಂತ ನನಗೆ ಅನ್ನಿಸಿದ್ದು ಇಲ್ಲೇ. 30 ಸೈಜಿನ ಪ್ಯಾಂಟ್ ಚೆನ್ನಾಗಿದೆಯಾ ಅಂದರೆ ಏನು ಹೇಳಲಿ? ಸೊಂಟ ಯಾರದು ಅಂತ ಮೊದಲು ಹೇಳಬೇಕು.

ವೇಟಿಂಗ್ ರೂಮಿನಲ್ಲಿ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಸಿಕ್ಕಿದ್ದರು. ಜಮೀನು ಮಾರಿದ ದುಡ್ಡು ಇದೆ, ಸ್ಪೇನ್‌ನಲ್ಲಿ ಮನೆ ತಗೊಂಡರೆ ರೆಸಿಡೆನ್ಸಿ ಫ್ರೀ ಅಂತ ಕೇಳಿ ಬಂದಿದ್ದರು. ಬ್ರೋಷರ್‌ನಲ್ಲಿ ಸಮುದ್ರದ ದಂಡೆಯ ಬಿಳಿ ಮನೆಯ ಫೋಟೋ ಇತ್ತು. ದುಡ್ಡು ಹಾಕಿ ಪಡೆಯುವ ಆ ಗೋಲ್ಡನ್ ವೀಸಾವನ್ನು ಸ್ಪೇನ್ 2025ರ ಏಪ್ರಿಲ್ 3ಕ್ಕೆ ನಿಲ್ಲಿಸಿದೆ. ಪೋರ್ಚುಗಲ್‌ನಲ್ಲಿ ಮನೆ ಕೊಳ್ಳುವ ದಾರಿ 2023ರಲ್ಲೇ ಹೋಯಿತು, ಈಗ ಸಾಮಾನ್ಯವಾಗಿ ಫಂಡಿನಲ್ಲಿ ಐದು ಲಕ್ಷ ಯೂರೋ ಹಾಕಬೇಕು. ಗ್ರೀಸ್‌ನಲ್ಲಿ ಇನ್ನೂ ಇದೆ, ಆದರೆ ಎರಡೂವರೆ ಲಕ್ಷ ಯೂರೋ ಇದ್ದದ್ದು ಅಥೆನ್ಸ್‌ನಂಥ ಜಾಗಗಳಲ್ಲಿ ಎಂಟು ಲಕ್ಷಕ್ಕೆ ಏರಿದೆ. ಮಾಲ್ಟಾ ನೇರವಾಗಿ ಪೌರತ್ವವನ್ನೇ ಮಾರುತ್ತಿತ್ತು, ಅದು ಕಾನೂನಿಗೆ ವಿರುದ್ಧ ಅಂತ ಯೂರೋಪಿನ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿತು. ಹಿರಿಯರಿಗೆ ಸ್ಪೇನ್ ವಿಷಯ ಮೆಲ್ಲಗೆ ಹೇಳಿದೆ. "ನೀವು ಇವರ ಕಡೇರಾ?" ಅಂತ ಕೇಳಿದರು. ಅಲ್ಲ ಅಂದೆ. ಎದ್ದು ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟರು. ಅವರ ಟೀ ಹಾಗೇ ಇತ್ತು.

ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ಸ್ವೀಡನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸ್ವಿಟ್ಜರ್ಲೆಂಡ್ ನಮ್ಮಂಥ ದೇಶದವರಿಗೆ ವರ್ಷಕ್ಕೆ 8,500 ಪರ್ಮಿಟ್ ಅಂತ ಗೆರೆ ಹಾಕಿಕೊಂಡಿದೆ, ಪರ್ಮನೆಂಟ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ. ಡೆನ್ಮಾರ್ಕ್‌ನಲ್ಲಿ ಎಂಟು ವರ್ಷ. ಸ್ವೀಡನ್ 2023ರ ನವೆಂಬರ್‌ನಿಂದ ಕೆಲಸದ ಪರ್ಮಿಟ್‌ಗೆ ಬೇಕಾದ ಸಂಬಳವನ್ನು ಒಮ್ಮೆಗೇ ಏರಿಸಿತು. ಈ ಮೂರರ ಎದುರೂ ಆ ಹಾಳೆಯಲ್ಲಿ ಹಸಿರು ಟಿಕ್ ಗುರುತಿತ್ತು.

ಈಗ ಪೋಲೆಂಡ್. ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು.

ಮೂರನೇ ವಾರ ಫೋನ್ ಬಂತು, ಆಫರ್ ಲೆಟರ್ ಬಂದಿದೆ ಅಂತ. ಒಂದು ವೇರ್‌ಹೌಸ್ ಕೆಲಸ. ಹುಡುಗ ಖುಷಿಯಿಂದ ಕುಣಿದ. ಬಣ್ಣದ ಪ್ರಿಂಟ್, ಮೇಲೆ ಕಂಪನಿ ಲೋಗೋ, ಕೆಳಗೆ ದುಂಡು ಸೀಲು, ನೀಲಿ ಸಹಿ. ಕಿಟಕಿ ಹತ್ತಿರ ಹಿಡಿದು ನೋಡಿದೆ. ಸೀಲಿನ ಮಸಿ ಕಾಗದದೊಳಗೆ ಇಳಿದಿರಲಿಲ್ಲ. ಕೈಯಿಂದ ಒತ್ತಿದ ಸೀಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬರುತ್ತದೆ. ಇದು ಎಲ್ಲ ಕಡೆ ಒಂದೇ ಸಮ. ಸಹಿಯೂ ಹಾಗೇ, ಬೆರಳಾಡಿಸಿದರೆ ಪೆನ್ನಿನ ಒತ್ತು ಸಿಗಲಿಲ್ಲ. ಇರಲಿ, ಮೇಲ್‌ನಲ್ಲಿ ಬಂದ ಕಾಗದ, ಪ್ರಿಂಟ್ ತೆಗೆದಿರುತ್ತಾರೆ ಅಂದುಕೊಂಡೆ.

ಪಕ್ಕದಲ್ಲಿ ಸಿರುಗುಪ್ಪ ಕಡೆಯ ಒಬ್ಬ ಹುಡುಗ ಅಮ್ಮನ ಜೊತೆ ಕೂತಿದ್ದ. ಅವನ ಕೈಯಲ್ಲೂ ಒಂದು ಲೆಟರ್. "ತೋರ್ಸಪ್ಪ ತಮ್ಮ" ಅಂದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಸೀಲಿನ ಮೇಲೆ ಸೀಲು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. ಸಹಿಯ ಮೇಲೆ ಸಹಿ. ಎರಡೂ ಕಾಗದದಲ್ಲಿ ಊರಿನ ಹೆಸರಿನ ಸ್ಪೆಲ್ಲಿಂಗ್ ಒಂದೇ ಥರ ತಪ್ಪು. ಅಷ್ಟೇ ಅಲ್ಲ, ನಮ್ಮ ಹುಡುಗನ ಲೆಟರಿನ ಎರಡನೇ ಪುಟದಲ್ಲಿ ಯಾವುದೋ ಬೇರೆ ಪಾಸ್‌ಪೋರ್ಟ್ ನಂಬರ್ ಉಳಿದುಹೋಗಿತ್ತು. ಒಂದು ಪ್ಯಾಟರ್ನ್ ಹಾಸಿ ಅರವತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸುವುದು ನಮ್ಮ ಕೆಲಸ. ಇದು ಅದೇ ಕಟಿಂಗ್.

ಪೋಲೆಂಡ್‌ನಲ್ಲಿ ಕೆಲಸದ ಪರ್ಮಿಟ್ ತರುವುದು ಕಂಪನಿ ಹೌದು, ಆದರೆ ಕೊಡುವುದು ಆ ಪ್ರಾಂತ್ಯದ ಸರ್ಕಾರಿ ಕಚೇರಿ. ಕಂಪನಿ ಲೆಟರೇ ಪರ್ಮಿಟ್ ಅಲ್ಲ. ಅಲ್ಲಿ 2023ರಲ್ಲಿ ದುಡ್ಡಿಗೆ ವೀಸಾ ಕೊಡಿಸಿದ ದೊಡ್ಡ ಹಗರಣ ಹೊರಬಂದು ಉಪ ವಿದೇಶಾಂಗ ಮಂತ್ರಿಯೇ ಕುರ್ಚಿ ಬಿಡಬೇಕಾಯಿತು. ಆಮೇಲೆ ಅವರು ಪ್ರತಿ ಕಾಗದವನ್ನೂ ಬಿಗಿಯಾಗಿ ನೋಡುತ್ತಾರೆ. ಇಂಥ ಲೆಟರ್ ಇಟ್ಟು ಅರ್ಜಿ ಹಾಕಿದ್ದರೆ ಹೋಗುವುದು ನಾಲ್ಕು ಲಕ್ಷ ಮಾತ್ರ ಅಲ್ಲ, ಹುಡುಗನ ಹೆಸರಿನ ಮೇಲೆ ಕಪ್ಪು ಗುರುತು ಬೀಳುತ್ತಿತ್ತು.

ಓನರ್‌ಗೆ ಆರ್‌ಎ (ರಿಕ್ರೂಟಿಂಗ್ ಏಜೆಂಟ್) ಲೈಸೆನ್ಸ್ ನಂಬರ್ ಕೇಳಿದೆ. 1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವವರು ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಮಾಡಿಸಲೇಬೇಕು. ಇ-ಮೈಗ್ರೇಟ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅವರು ಕೆಲಸಕ್ಕೆ ಹೋಗುವವನಿಂದ ತೆಗೆದುಕೊಳ್ಳಬಹುದಾದ ಸರ್ವೀಸ್ ಚಾರ್ಜ್ ಹೆಚ್ಚೆಂದರೆ 30 ಸಾವಿರ ಮತ್ತು ಜಿಎಸ್‌ಟಿ. ನಾಲ್ಕು ಲಕ್ಷ ಅಲ್ಲ. ಓನರ್ ಗೋಡೆಗೆ ಫ್ರೇಮ್ ಹಾಕಿಸಿದ್ದ ಒಂದು ಸರ್ಟಿಫಿಕೇಟ್ ತೋರಿಸಿದರು. ಹತ್ತಿರ ಹೋಗಿ ನೋಡಿದರೆ ಜಿಎಸ್‌ಟಿ ನೋಂದಣಿ. ನನ್ನ ಯೂನಿಟ್‌ನಲ್ಲೂ ಅದೇ ಇದೆ, ಹಾಗಂತ ನಾನು ಜನರನ್ನು ವಾರ್ಸಾಗೆ ಕಳಿಸುತ್ತೇನಾ?

"ನಾವು ರಿಕ್ರೂಟ್‌ಮೆಂಟ್ ಮಾಡಲ್ಲ ಸಾರ್, ಬರೀ ಕನ್ಸಲ್ಟಿಂಗ್" ಅಂದರು.

"ಹಂಗಾದ್ರೆ ಈ ಆಫರ್ ಲೆಟರ್ ಯಾರು ಕೊಟ್ಟಿದ್ದು?"

ಫೋನ್ ಬಂತು ಅಂತ ಎದ್ದು ಒಳಗೆ ಹೋದರು. ಫೋನ್ ರಿಂಗ್ ಆದದ್ದು ನನಗಂತೂ ಕೇಳಿಸಲಿಲ್ಲ.

ಆ ಹುಡುಗಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಮಾಡಿದ ಕೆಲಸ ಚೊಕ್ಕ. ಮಾರ್ಕ್ಸ್ ಕಾರ್ಡ್, ಅನುಭವದ ಪತ್ರ, ಪಿಎಫ್ ಸ್ಲಿಪ್ ಎಲ್ಲ ವರ್ಷದ ಪ್ರಕಾರ ಜೋಡಿಸಿ ಪಟ್ಟಿ ಹಚ್ಚಿದ್ದಳು. ಯೂರೋಪಾಸ್ ಅನ್ನುವ ನಮೂನೆಯಲ್ಲಿ ಬಯೋಡೇಟಾ ಮಾಡಿಕೊಟ್ಟಳು. ಅದನ್ನು ಯೂರೋಪಿಯನ್ ಯೂನಿಯನ್ ವೆಬ್‌ಸೈಟಿನಲ್ಲಿ ಪುಕ್ಕಟೆ ಮಾಡಿಕೊಳ್ಳಬಹುದು ಅಂತ ಆಮೇಲೆ ಗೊತ್ತಾಯಿತು, ಆದರೂ ಅವಳ ಕೈಚಳಕ ಕಡಿಮೆಯಲ್ಲ. ಹೊರಡುವಾಗ ಮೆಟ್ಟಿಲ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಸಾರ್, ಅವನಿಗೆ ಜರ್ಮನಿನೇ ಸರಿ. ಭಾಷೆ ಕಲಿಯೋಕೆ ಹೇಳ್ರಿ" ಅಂದಳು. ಎರಡನೇ ಸ್ಟಾರ್ ಅದಕ್ಕೆ.

ಜರ್ಮನಿಯ ಲೆಕ್ಕ ನಾವು ಮಾಡಿದ್ದು ನಮ್ಮ ಕಟಿಂಗ್ ಟೇಬಲ್ ಮೇಲೆ, ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ. 2024ರ ಜೂನ್ 1ರಿಂದ ಅಲ್ಲಿ ಚಾನ್ಸೆನ್‌ಕಾರ್ಟೆ ಅಂತ ಒಂದು ಕಾರ್ಡ್ ಕೊಡುತ್ತಿದ್ದಾರೆ, ಅಂದರೆ ಅವಕಾಶದ ಕಾರ್ಡ್. ಕೆಲಸ ಸಿಗುವ ಮೊದಲೇ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಇದ್ದು ಕೆಲಸ ಹುಡುಕಬಹುದು. ಓದು ನಮ್ಮ ಸರ್ಕಾರ ಒಪ್ಪಿದ್ದಾಗಿರಬೇಕು, ಕಡಿಮೆ ಅಂದರೆ ಎರಡು ವರ್ಷದ್ದು. ಡಿಪ್ಲೊಮಾ ಮೂರು ವರ್ಷ, ಆಯಿತು. ಅದಕ್ಕೆ ಜರ್ಮನಿಯ ಜೆಡ್‌ಎಬಿ ಅನ್ನುವ ಕಚೇರಿಯಿಂದ ಒಂದು ಕಾಗದ ತರಿಸಬೇಕು. ಭಾಷೆ ಜರ್ಮನ್ ಆದರೆ ಎ1, ಇಂಗ್ಲಿಷ್ ಆದರೆ ಬಿ2 ಇರಲೇಬೇಕು. ಭಾಷೆ ಕಲಿಯುವುದಕ್ಕೆ ಅವರು ಹಾಕಿಕೊಂಡ ಮೆಟ್ಟಿಲು ಇವು: ಎ1 ಮೊದಲನೆಯದು, ಅದರ ಮೇಲೆ ಎ2, ಬಿ1, ಬಿ2 ಹೀಗೆ. ಇಷ್ಟಾದ ಮೇಲೆ ಆರು ಪಾಯಿಂಟ್ ಕೂಡಿಸಬೇಕು.

ಚಾಕ್ ನನ್ನ ಕೈಯಲ್ಲೇ ಇತ್ತು. ವಯಸ್ಸು 35ರ ಒಳಗೆ, ಎರಡು. ಓದಿಗೆ ಹೊಂದುವ ಕೆಲಸದ ಅನುಭವ, ಕಳೆದ ಐದು ವರ್ಷದಲ್ಲಿ ಎರಡು ವರ್ಷ ಇದ್ದರೆ, ಎರಡು. ಒಟ್ಟು ನಾಲ್ಕು. ಏಳು ವರ್ಷದಲ್ಲಿ ಐದು ವರ್ಷದ ಅನುಭವ ಇದ್ದಿದ್ದರೆ ಅಲ್ಲೇ ಮೂರು ಸಿಗುತ್ತಿತ್ತು, ಇವನಿಗೆ ಒಂದು ವರ್ಷ ಕಡಿಮೆ. ಜರ್ಮನ್ ಎ2 ಮಾಡಿದರೆ ಒಂದು, ಬಿ1 ಮಾಡಿದರೆ ಎರಡು. ಬಿ1 ಆದರೆ ಸರಿಯಾಗಿ ಆರು. ಹುಡುಗ ಮೂರು ಸಲ ಕೂಡಿಸಿದ. ಮೂರು ಸಲವೂ ಆರೇ ಬಂತು.

ಅದೇ ಟೇಬಲ್ ಮೇಲೆ ಇನ್ನೊಂದು ಲೆಕ್ಕವನ್ನೂ ಬರೆದೆ, ಹುಡುಗನಿಗೆ ಇಷ್ಟ ಆಗಲಿಲ್ಲ. ಅಲ್ಲಿ ಇರುವಷ್ಟು ದಿನದ ಖರ್ಚಿನ ದುಡ್ಡು ಮೊದಲೇ ತೋರಿಸಬೇಕು. 2025ರ ಲೆಕ್ಕ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092. ಯೂರೋಗೆ ನೂರು ರೂಪಾಯಿ ಅಂತ ಮೋಟಾಗಿ ಹಿಡಿದರೂ 13 ಲಕ್ಷ ದಾಟಿತು. ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಡುತ್ತಾರೆ. ದುಡ್ಡು ಅವನದೇ, ತಿಂಗಳು ತಿಂಗಳು ಬಿಡುಗಡೆ ಆಗುತ್ತದೆ. ಅಲ್ಲಿ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಕೆಲಸವನ್ನೂ ಮಾಡಬಹುದು. ಆದರೆ ಮೊದಲು ಕೂಡಿಸುವುದು ಯಾರು? ಆಫೀಸಿನವರು "ಮೂರು ಲಕ್ಷ ಶೋ ಮನಿ ಸಾಕು, ನಾವೇ ಹಾಕಿ ತೋರಿಸ್ತೀವಿ" ಅಂದಿದ್ದರು. ಭಾಷೆಗೂ "ಸರ್ಟಿಫಿಕೇಟ್ ಕೊಡಿಸ್ತೀವಿ" ಅಂದಿದ್ದರು. ವೀಸಾ ಅಧಿಕಾರಿ ಎದುರು ಕೂತಾಗ ಆ ಸರ್ಟಿಫಿಕೇಟ್ ಜರ್ಮನ್ ಮಾತಾಡುತ್ತಾ?

ತಂಗಿ ಟೀ ತಂದವಳು ಅಲ್ಲೇ ನಿಂತು ಎಲ್ಲ ಕೇಳಿದಳು. ಎಷ್ಟು ವರ್ಷಕ್ಕೆ ಪರ್ಮನೆಂಟ್ ಅಂತ ಕೇಳಿದಳು. ಓದಿಗೆ ತಕ್ಕ ಕೆಲಸದ ಪರ್ಮಿಟ್ ಸಿಕ್ಕಿದರೆ ಮೂರು ವರ್ಷಕ್ಕೆ ಅರ್ಜಿ ಹಾಕಬಹುದು. ಡಿಗ್ರಿ ಇದ್ದು, ದೊಡ್ಡ ಸಂಬಳದ ಕೆಲಸಕ್ಕೆ ಕೊಡುವ ಬ್ಲೂ ಕಾರ್ಡ್ ಅನ್ನುವ ಪರ್ಮಿಟ್ ಇದ್ದರೆ, ಬಿ1 ಜರ್ಮನ್ ಬಂದರೆ 21 ತಿಂಗಳಿಗೇ ಆಗುತ್ತದೆ. ಪೌರತ್ವಕ್ಕೆ ಮೊದಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದರು. ಮೂರೇ ವರ್ಷಕ್ಕೆ ಕೊಡುವ ಒಂದು ಒಳದಾರಿ ಇತ್ತು, ಅದನ್ನು 2025ರ ಅಕ್ಟೋಬರ್‌ನಲ್ಲಿ ತೆಗೆದರು.

"ಹಂಗಾದ್ರೆ ನಮ್ಮ ಪಾಸ್‌ಪೋರ್ಟು?" ಅಂದಳು.

"ಅಲ್ಲಿಯ ಪೌರತ್ವ ತಗೊಂಡ್ರೆ ನಮ್ಮದು ವಾಪಸ್ ಕೊಡ್ಬೇಕು. ಜರ್ಮನಿ ಎರಡಕ್ಕೂ ಒಪ್ಪುತ್ತೆ, ನಮ್ಮ ದೇಶ ಒಪ್ಪಲ್ಲ. ಓಸಿಐ ಕಾರ್ಡ್ ಅಂತ ಕೊಡ್ತಾರೆ, ಬಂದು ಹೋಗಬಹುದು."

"ಬಂದು ಹೋಗೋದಾ?" ಅಂತ ಲೋಟ ತಗೊಂಡು ಒಳಗೆ ಹೋದಳು. ಆವತ್ತು ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮ ಓಣಿಯ ಒಂದು ಹುಡುಗಿ ನರ್ಸಿಂಗ್ ಮುಗಿಸಿದ್ದಾಳೆ. ಅವಳ ಅಪ್ಪನೂ ಇದೇ ಆಫೀಸಿಗೆ ಹೊರಟಿದ್ದರು. ತಡೆದೆ. ನರ್ಸ್‌ಗಳ ಪೂರ್ತಿ ನೋಂದಣಿಗೆ ಜರ್ಮನಿ ಬಿ2 ಭಾಷೆ ಕೇಳುತ್ತದೆ, ಓದನ್ನು ಅಲ್ಲಿನ ಇಲಾಖೆ ಒಪ್ಪಬೇಕು. ಅಡ್ಡದಾರಿ ಇಲ್ಲ, ಆದರೆ ಬೇಡಿಕೆ ನಿಜ. ನಮ್ಮ ರಾಜ್ಯದ ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲೇ ಒಂದು ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ ಅಂತ ಹೇಳಿದೆ.

ನಮ್ಮ 35 ಸಾವಿರದ ಕಥೆ ಮುಗಿಸುತ್ತೇನೆ. ರಸೀದಿಯಲ್ಲಿ "ಡಾಕ್ಯುಮೆಂಟೇಶನ್ ಚಾರ್ಜ್, ವಾಪಸ್ ಇಲ್ಲ" ಅಂತ ಸಣ್ಣಗೆ ಇತ್ತು. ಒಂಬತ್ತು ಸಲ ಮೆಟ್ಟಿಲು ಹತ್ತಿದೆ. ಎಂಟನೇ ಸಲ ಆ ಎರಡು ಲೆಟರಿನ ಫೋಟೋ ಅಕ್ಕಪಕ್ಕ ಇಟ್ಟು ತೋರಿಸಿದೆ, ಏನೂ ಮಾತಾಡಲಿಲ್ಲ. ಒಂಬತ್ತನೇ ಸಲ ಹೋಗುವಷ್ಟರಲ್ಲಿ ಫೋನ್‌ಪೇಗೆ ಹತ್ತು ಸಾವಿರ ಬಂದಿತ್ತು, ಕೂತಿರುವಾಗಲೇ ಇನ್ನೊಂದು ಹತ್ತು ಬಂತು. ಉಳಿದ ಹದಿನೈದಕ್ಕೆ ಏಸಿ, ಟೀ, ಯೂರೋಪಾಸ್ ಅಂತ ತಿಳಿದುಕೊಂಡಿದ್ದೇನೆ. ಸಿರುಗುಪ್ಪದ ಹುಡುಗನ ಅಮ್ಮನಿಗೆ ಫೋನ್ ಮಾಡಿ ವಿದೇಶಾಂಗ ಇಲಾಖೆಯ ಸಹಾಯವಾಣಿಯ ನಂಬರ್ ಕೊಟ್ಟೆ, 1800 11 3090. ಅವರಿಗೆ ವಾಪಸ್ ಬಂತೋ ಇಲ್ಲವೋ, ಆಮೇಲೆ ಅವರು ಫೋನ್ ಎತ್ತಲಿಲ್ಲ.

ಹುಡುಗ ಈಗ ಆನ್‌ಲೈನ್‌ನಲ್ಲಿ ಜರ್ಮನ್ ಕಲಿಯುತ್ತಿದ್ದಾನೆ. ಎ1 ಪರೀಕ್ಷೆಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಿ ಪಾಸ್ ಮಾಡಿಕೊಂಡು ಬಂದ. ಬಿ1ಗೆ ಇನ್ನೂ ದೂರ ಇದೆ, 13 ಲಕ್ಷಕ್ಕೆ ಅದಕ್ಕಿಂತ ದೂರ. ಒಂದು ದಿನ ಏನೋ ಓದಿಕೊಂಡು ಬಂದು, "ಮಾಮಾ, ಲೀವೈ ಸ್ಟ್ರಾಸ್ ಜರ್ಮನಿಯವನಂತೆ, 1829ರಲ್ಲಿ ಬವೇರಿಯಾದ ಬುಟನ್‌ಹೈಮ್ ಅನ್ನೋ ಊರಾಗೆ ಹುಟ್ಟಿದ್ದು, ಹದಿನೆಂಟಕ್ಕೇ ಅಮೆರಿಕಾಕ್ಕೆ ವಲಸೆ ಹೋದನಂತೆ" ಅಂದ. ಮೂವತ್ತು ವರ್ಷ ಜೀನ್ಸ್ ಹೊಲಿದರೂ ನನಗೆ ಗೊತ್ತಿರಲಿಲ್ಲ. ಕಟಿಂಗ್ ಮಾಸ್ಟರ್ ಕೇಳಿಸಿಕೊಂಡು, "ಅವನಿಗೆ ಎಷ್ಟು ಪಾಯಿಂಟ್ ಬಂದಿತ್ತಂತೆ?" ಅಂದರು.

ರಜೆ ಇದ್ದ ದಿನ ಹುಡುಗ ಯೂನಿಟ್‌ಗೆ ಬಂದು ಬಂಡಲ್ ಎಣಿಸಿಕೊಡುತ್ತಾನೆ. ಐನ್ಸ್, ಸ್ವೈ, ಡ್ರೈ ಅಂತ ಶುರು ಮಾಡಿ, ಹನ್ನೆರಡಾದ ಕೂಡಲೇ ಜೋರಾಗಿ "ಡುಟ್ಸೆಂಡ್" ಅಂತ ಕೂಗಿ ದಾರ ಕಟ್ಟುತ್ತಾನೆ. ಡಜನ್ ಅಂತಲೇ ಅದು. ಓವರ್‌ಲಾಕ್ ಮಿಷನ್ ಮೇಲೆ ಕೂರುವ ಹೆಂಗಸರೂ ಈಗ ಹಾಗೇ ಕೂಗುತ್ತಾರೆ. ಮೊನ್ನೆ ಒಂದು ಬಂಡಲ್‌ನಲ್ಲಿ ಹನ್ನೊಂದೇ ಪೀಸ್ ಇತ್ತು, ಪಾರ್ಟಿ ಫೋನ್ ಮಾಡಿ ಬೈದರು.